ಅಬಿಂಗ್ಡನ್ ಊರಿನ ಬನ್ ಎಸೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಪಕ್ಕ ಅಬಿಂಗ್ಡನ್ ಅಂತ ಒಂದು ಊರಿದೆ. ರಾಜಮನೆತನದಲ್ಲಿ ಪಟ್ಟಾಭಿಷೇಕವೋ ದೊಡ್ಡ ಮದುವೆಯೋ ಬಂತೆಂದರೆ ಆ ಊರಿನ ಮೇಯರ್, ಕೌನ್ಸಿಲರುಗಳೆಲ್ಲ ನಿಲುವಂಗಿ ತೊಟ್ಟು ಹಳೇ ಕಟ್ಟಡವೊಂದರ ಚಾವಣಿ ಹತ್ತುತ್ತಾರೆ. ಕೆಳಗೆ ಚೌಕದ ತುಂಬ ಜನ. ಮೇಲಿನಿಂದ ಸಾವಿರಾರು ಬನ್ನು ಎಸೆಯುತ್ತಾರೆ. ವಿಡಿಯೊ ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಒಂದೊಂದೇ ಪ್ರಶ್ನೆ ಶುರುಮಾಡುತ್ತಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವಕ್ಕೆ ಒಂದು ಸಾಲು ಸಾಕು. ಕೆಲವಕ್ಕೆ ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ನಿಜವಾಗಲೂ ಎಸೆಯುತ್ತಾರಾ? ಇದು ಯಾರೋ ಮಾಡಿದ ತಮಾಷೆ ಅಲ್ವಾ?

ನಿಜವಾಗಲೂ ಎಸೆಯುತ್ತಾರೆ. ತಮಾಷೆಯೂ ಹೌದು, ಆದರೆ ಪೂರ್ತಿ ಅಧಿಕೃತವಾದ ತಮಾಷೆ. ಊರಿನ ಟೌನ್ ಕೌನ್ಸಿಲ್ ಇದನ್ನು ನಡೆಸುತ್ತದೆ. ಪೊಲೀಸು, ಬ್ಯಾರಿಕೇಡು, ಭಾಷಣ ಎಲ್ಲ ಇರುವ ಕಾರ್ಯಕ್ರಮ ಇದು.

ಈ ಅಬಿಂಗ್ಡನ್ ಎಲ್ಲಿದೆ?

ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು, ಥೇಮ್ಸ್ ನದಿಯ ದಡದಲ್ಲಿ. 2012ರಿಂದ ಊರಿನ ಅಧಿಕೃತ ಹೆಸರು ಅಬಿಂಗ್ಡನ್-ಆನ್-ಥೇಮ್ಸ್. ಇಂಗ್ಲೆಂಡಿನಲ್ಲಿ ಜನ ಬಿಡದೆ ವಾಸ ಮಾಡಿಕೊಂಡು ಬಂದಿರುವ ಅತಿ ಹಳೆಯ ಪಟ್ಟಣ ತಮ್ಮದೇ ಅಂತ ಊರಿನವರು ಹೇಳಿಕೊಳ್ಳುತ್ತಾರೆ. ಇದೇ ಮಾತನ್ನು ಹೇಳುವ ಊರುಗಳು ಇಂಗ್ಲೆಂಡಿನಲ್ಲಿ ಇನ್ನೂ ಇವೆ. ಆ ಜಗಳ ಅವರೇ ನೋಡಿಕೊಳ್ಳಲಿ.

ಯಾವಾಗ ಶುರುವಾಯಿತು?

ದಾಖಲೆಯಲ್ಲಿ ಸಿಗುವ ಮೊದಲ ಎಸೆತ ಮೂರನೇ ಜಾರ್ಜ್ ರಾಜನ ಪಟ್ಟಾಭಿಷೇಕದ್ದು. ಕೆಲವು ಕಡೆ 1760 ಅಂತ ಬರೆದಿರುತ್ತಾರೆ, ಕೆಲವು ಕಡೆ 1761 ಅಂತ. ಗೊಂದಲಕ್ಕೆ ಕಾರಣ ಸರಳ. ಅವನ ಅಜ್ಜ ಎರಡನೇ ಜಾರ್ಜ್ ತೀರಿಕೊಂಡು ಇವನು ರಾಜನಾದದ್ದು 1760ರ ಅಕ್ಟೋಬರಿನಲ್ಲಿ. ಕಿರೀಟ ಇಟ್ಟದ್ದು ಮಾತ್ರ 1761ರ ಸೆಪ್ಟೆಂಬರ್ 22ಕ್ಕೆ.

ಕಾಲದ ಅಂದಾಜಿಗೆ ಒಂದು ಮಾತು. ನಮ್ಮ ಕಡೆ ಹೈದರಾಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡದ್ದೂ 1761ರಲ್ಲೇ. ಮುಂದೆ ನಡೆದ ನಾಲ್ಕೂ ಮೈಸೂರು ಯುದ್ಧಗಳ ಹೊತ್ತಿಗೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೂಡ, ಇಂಗ್ಲೆಂಡಿನ ಸಿಂಹಾಸನದಲ್ಲಿ ಇದ್ದವನು ಇದೇ ಮೂರನೇ ಜಾರ್ಜ್. ಅಬಿಂಗ್ಡನ್ ಊರಿನಲ್ಲಿ ಯಾರ ಹೆಸರಿನಲ್ಲಿ ಬನ್ನು ಹಾರಿದವೋ ನಮ್ಮಲ್ಲಿ ಅವನದೇ ಹೆಸರಿನಲ್ಲಿ ಗುಂಡು ಹಾರಿದವು.

ಯಾವ ಯಾವ ಸಂದರ್ಭಕ್ಕೆ ಎಸೆಯುತ್ತಾರೆ?

ಮುಖ್ಯವಾಗಿ ಮೂರು: ಪಟ್ಟಾಭಿಷೇಕ, ಸಿಂಹಾಸನಕ್ಕೆ ಹತ್ತಿರ ಇರುವವರ ಮದುವೆ, ಆಳ್ವಿಕೆಯ ಜೂಬಿಲಿ. ಹತ್ತಿರದ ಉದಾಹರಣೆ ಹೇಳಬೇಕೆಂದರೆ 2011ರಲ್ಲಿ ವಿಲಿಯಂ–ಕೇಟ್ ಮದುವೆಗೆ ಎಸೆದರು. 2012ರಲ್ಲಿ ಎರಡನೇ ಎಲಿಜಬೆತ್ ಆಳ್ವಿಕೆಗೆ 60 ವರ್ಷ ತುಂಬಿದ್ದಕ್ಕೆ, 2016ರಲ್ಲಿ ಅವರ 90ನೇ ಹುಟ್ಟುಹಬ್ಬಕ್ಕೆ, 2022ರಲ್ಲಿ ಆಳ್ವಿಕೆಯ 70 ವರ್ಷಕ್ಕೆ ಎಸೆದರು. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಮತ್ತೆ. ಎಲಿಜಬೆತ್ ಅಷ್ಟು ವರ್ಷ ಆಳಿದ್ದರಿಂದ ಊರಿಗೆ ಲಾಭವೇ ಆಯಿತು. 1977, 2002, 2012, 2022 ಅಂತ ನಾಲ್ಕು ಜೂಬಿಲಿ ಒಬ್ಬರದ್ದೇ.

ರಾಜಮನೆತನಕ್ಕೆ ಸಂಬಂಧವೇ ಇಲ್ಲದ ದಿನಗಳೂ ಇವೆ. 2006ರಲ್ಲಿ ಊರಿಗೆ ತನ್ನ ಆಡಳಿತ ತಾನೇ ನಡೆಸುವ ಸನದು ಸಿಕ್ಕಿ 450 ವರ್ಷ ಆಯಿತೆಂದು ಎಸೆದರು. 2018ರ ನವೆಂಬರಿನಲ್ಲಿ ಮೊದಲ ಮಹಾಯುದ್ಧ ಮುಗಿದು ನೂರು ವರ್ಷ ಆದದ್ದಕ್ಕೆ ಎಸೆದರು.

ಹಾಗಾದರೆ ಪ್ರತಿ ವರ್ಷ ಇರಲ್ವಾ?

ಇರಲ್ಲ. ಒಂದೊಂದು ಸಲ ವರ್ಷದೊಳಗೆ ಎರಡು ಬರಬಹುದು, ಒಂದೊಂದು ಸಲ ಹತ್ತು ವರ್ಷ ಏನೂ ಇಲ್ಲದೆ ಹೋಗಬಹುದು. ಅದಕ್ಕೇ ಊರಿನ ಜನಕ್ಕೆ ಇದರ ಮೇಲೆ ಅಷ್ಟು ಆಸೆ. ವರ್ಷಾ ವರ್ಷಾ ಬರುವ ಜಾತ್ರೆ ಆಗಿದ್ದರೆ ಬನ್ನಿಗೆ ಈ ಬೆಲೆ ಇರುತ್ತಿರಲಿಲ್ಲ.

ಅರಮನೆಯಿಂದ ಆದೇಶ ಬರುತ್ತದಾ? ರಾಜ ಬಂದು ನೋಡುತ್ತಾನಾ?

ಎರಡೂ ಇಲ್ಲ. ಪಟ್ಟಾಭಿಷೇಕದ ಹೊತ್ತಿಗೆ ರಾಜ ಲಂಡನ್ನಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇರುತ್ತಾನೆ, ಬನ್ನು ಹಿಡಿಯೋಕೆ ಬರಲ್ಲ. ಎಸೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಟೌನ್ ಕೌನ್ಸಿಲ್.

ಇಡೀ ಸಂಪ್ರದಾಯದಲ್ಲಿ ನನಗೆ ಮುಖ್ಯ ಅನ್ನಿಸುವ ಸಂಗತಿ ಇದೇ. ಹೊರಗಿನವರು ಇದನ್ನು ರಾಜಭಕ್ತಿಯ ಪ್ರದರ್ಶನ ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿದರೆ ರಾಜ ಇಲ್ಲಿ ಬರೀ ನೆಪ. ಯುದ್ಧ ಮುಗಿದ ನೆನಪಿಗೂ ಅದೇ ಬನ್ನು, ಊರಿನ ಸನದಿಗೂ ಅದೇ ಬನ್ನು. ಊರಿಗೆ ತನ್ನ ಚೌಕದಲ್ಲಿ ಸೇರೋಕೆ ಒಂದು ಕಾರಣ ಬೇಕು, ರಾಜಮನೆತನ ಅದನ್ನು ಆಗಾಗ ಒದಗಿಸುತ್ತದೆ, ಅಷ್ಟೇ. ರಾಜಪ್ರಭುತ್ವವೇ ಬೇಡ ಅನ್ನುವವನು ಕೂಡ ಆ ದಿನ ಚೌಕಕ್ಕೆ ಬಂದು ಕೈ ಚಾಚಿದರೆ ಯಾರೂ ಅವನ ರಾಜಕೀಯ ಕೇಳಲ್ಲ.

ಎಸೆಯೋದೇ ಯಾಕೆ? ಸಾಲಲ್ಲಿ ನಿಲ್ಲಿಸಿ ಕೈಗೇ ಕೊಡಬಹುದಲ್ವಾ?

ಕೊಡಬಹುದು, ಆದರೆ ಆಗ ನೋಡೋಕೆ ಯಾರು ಬರುತ್ತಾರೆ?

ಸ್ವಲ್ಪ ಗಂಭೀರವಾಗಿ ಹೇಳೋದಾದರೆ, 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಡವರ ಹೊಟ್ಟೆ ತುಂಬುತ್ತಿದ್ದದ್ದು ಬ್ರೆಡ್ಡಿನಿಂದ. ಧಾನ್ಯದ ಬೆಲೆ ಏರಿದರೆ ಊರೂರಲ್ಲಿ ದೊಂಬಿ ಏಳುತ್ತಿತ್ತು. ಮೂರನೇ ಜಾರ್ಜ್ ಪಟ್ಟಕ್ಕೆ ಬಂದು ಐದು ವರ್ಷಕ್ಕೆ, 1766ರಲ್ಲಿ, ದೇಶದ ಎಷ್ಟೋ ಕಡೆ ಹಾಗೇ ಆಯಿತು. ಆ ಕಾಲದಲ್ಲಿ ಸಂಭ್ರಮದ ದಿನ ಊರಿನ ದೊಡ್ಡವರು ಜನರಿಗೆ ತಿನ್ನೋಕೆ, ಕುಡಿಯೋಕೆ ಕೊಡೋದು ವಾಡಿಕೆ. ಎತ್ತನ್ನು ಇಡಿಯಾಗಿ ಸುಟ್ಟು ಹಂಚುತ್ತಿದ್ದರು, ಬಿಯರ್ ಪೀಪಾಯಿ ತೆರೆದು ಇಡುತ್ತಿದ್ದರು. ಸಿಹಿ ಬನ್ನು ಆವಾಗ ದಿನಾ ತಿನ್ನುವ ಪದಾರ್ಥ ಅಲ್ಲ. ಸಕ್ಕರೆ, ಒಣದ್ರಾಕ್ಷಿ, ಮಸಾಲೆ ಎಲ್ಲ ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಸಾಮಾನು.

ಮೇಲೆ ನಿಂತವರು ಎಸೆಯೋದು, ಕೆಳಗೆ ನಿಂತವರು ಹಿಡಿಯೋದು ಅನ್ನುವ ಈ ಏರ್ಪಾಡಿನಲ್ಲಿ ದೊಡ್ಡಸ್ತಿಕೆಯ ವಾಸನೆ ಇದೆ, ಇಲ್ಲ ಅನ್ನೋಕಾಗಲ್ಲ. ಹಸಿದವರು ಮುಗಿಬೀಳೋದನ್ನು ಮೇಲಿಂದ ನೋಡಿ ಖುಷಿಪಡೋದು ಒಳ್ಳೇ ನೋಟವೇನಲ್ಲ. ಈಗ ಆ ಹಸಿವು ಅದರಲ್ಲಿ ಉಳಿದಿಲ್ಲ. ಪಕ್ಕದ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಬನ್ನಿಗಾಗಿ ವಕೀಲರು, ಮೇಷ್ಟ್ರುಗಳು, ಅಜ್ಜಿಯರು ಒಬ್ಬರ ಮೇಲೊಬ್ಬರು ಬಿದ್ದು ಹಾರುತ್ತಾರೆ. ಮೇಲೆ ನಿಂತ ಕೌನ್ಸಿಲರುಗಳು ಅವರೇ ಓಟು ಹಾಕಿ ಆರಿಸಿದವರು.

ಎಸೆಯುವ ಕಟ್ಟಡ ಯಾವುದು?

ಕೌಂಟಿ ಹಾಲ್. ಮಾರ್ಕೆಟ್ ಪ್ಲೇಸ್ ಅನ್ನುವ ಚೌಕದಲ್ಲಿ ಒಂಟಿಯಾಗಿ ನಿಂತಿದೆ. 1678ರಿಂದ 1682ರವರೆಗೆ ಕಟ್ಟಿದರು. ಕಟ್ಟಿದವನು ಕ್ರಿಸ್ಟೋಫರ್ ಕೆಂಪ್‌ಸ್ಟರ್, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್ ಜತೆ ಕೆಲಸ ಮಾಡಿದ ಕಲ್ಲುಕೆಲಸದ ಮೇಸ್ತ್ರಿ. ಕೆಳಗೆ ನಾಲ್ಕೂ ಕಡೆ ಕಮಾನು, ಗೋಡೆ ಇಲ್ಲ. ಅಲ್ಲಿ ಸಂತೆ ನಡೆಯುತ್ತಿತ್ತು. ಮೇಲೆ ಎತ್ತರದ ಕಿಟಕಿಗಳ ದೊಡ್ಡ ಹಾಲು, ಅದು ಕೋರ್ಟು. ಅದರ ಮೇಲೆ ಕಟಾಂಜನ ಇರುವ ಚಾವಣಿ, ನಡುವೆ ಸಣ್ಣ ಗೋಪುರ. ಬನ್ನು ಬರೋದು ಆ ಕಟಾಂಜನದ ಹಿಂದಿನಿಂದ. ಈಗ ಒಳಗೆ ಮ್ಯೂಸಿಯಂ ಇದೆ.

ಸಣ್ಣ ಊರು, ಅಷ್ಟು ದೊಡ್ಡ ಕಟ್ಟಡ ಯಾಕೆ?

ಅಬಿಂಗ್ಡನ್ ಆಗ ಬರ್ಕ್‌ಶೈರ್ ಕೌಂಟಿಯ, ಅಂದರೆ ಜಿಲ್ಲೆಯ, ಮುಖ್ಯ ಪಟ್ಟಣ. ರೆಡಿಂಗ್ ಅನ್ನುವ ಇನ್ನೊಂದು ಊರು ಆ ಪಟ್ಟಕ್ಕೆ ಪೈಪೋಟಿ ಮಾಡುತ್ತಿತ್ತು. ನಾವೇ ದೊಡ್ಡವರು ಅಂತ ತೋರಿಸೋಕೆ ಒಂದು ದೊಡ್ಡ ಕಟ್ಟಡ ಬೇಕಾಗಿತ್ತು.

ಆಮೇಲಿನ ಕಥೆ ಸ್ವಲ್ಪ ಬೇಸರದ್ದೇ. 19ನೇ ಶತಮಾನದಲ್ಲಿ ರೈಲಿನ ಮುಖ್ಯ ಮಾರ್ಗ ಅಬಿಂಗ್ಡನ್ ಬಿಟ್ಟು ಹೋಯಿತು. ಊರಿಗೆ ಸಿಕ್ಕಿದ್ದು ಒಂದು ಕವಲು ಹಳಿ ಮಾತ್ರ. ರೆಡಿಂಗ್ ಬೆಳೆಯಿತು, 1860ರ ದಶಕದಲ್ಲಿ ಮುಖ್ಯ ಪಟ್ಟಣದ ಸ್ಥಾನವೂ ಅದಕ್ಕೇ ಹೋಯಿತು. 1963ರಲ್ಲಿ ಕವಲು ಹಳಿಯ ಪ್ರಯಾಣಿಕರ ರೈಲೂ ನಿಂತಿತು. 1974ರಲ್ಲಿ ಜಿಲ್ಲೆಗಳ ಗಡಿ ಬದಲಾಗಿ ಊರನ್ನು ಬರ್ಕ್‌ಶೈರಿನಿಂದಲೇ ತೆಗೆದು ಆಕ್ಸ್‌ಫರ್ಡ್‌ಶೈರಿಗೆ ಸೇರಿಸಿದರು. 1980ರಲ್ಲಿ ಊರಿಗೆ ಕೆಲಸ ಕೊಟ್ಟಿದ್ದ ಎಂಜಿ ಕಾರಿನ ಕಾರ್ಖಾನೆ ಮುಚ್ಚಿತು. ಇವೆಲ್ಲಕ್ಕೂ ಮುಂಚೆ, 1538ರಲ್ಲಿ, ಎಂಟನೇ ಹೆನ್ರಿ ಊರಿನ ದೊಡ್ಡ ಕ್ರೈಸ್ತ ಮಠವನ್ನು ಮುಚ್ಚಿಸಿದ್ದ. ಏಳನೇ ಶತಮಾನದಿಂದ ಊರು ಬೆಳೆದದ್ದೇ ಆ ಮಠದ ಸುತ್ತ. ಈಗ ಅದರ ಮುಖ್ಯ ಚರ್ಚು ಉಳಿದಿಲ್ಲ.

ಮಠ ಹೋಯಿತು, ಪಟ್ಟ ಹೋಯಿತು, ರೈಲು ಹೋಯಿತು, ಜಿಲ್ಲೆ ಹೋಯಿತು, ಕಾರ್ಖಾನೆ ಹೋಯಿತು. ಚಾವಣಿ ಉಳಿಯಿತು. ಈ ಊರು ಬನ್ ಎಸೆತವನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ ಅಂತ ಕೇಳುವವರಿಗೆ ನಾನು ಮೊದಲು ಈ ಪಟ್ಟಿಯನ್ನೇ ಹೇಳೋದು.

ಎಂಜಿ ಅಂದರೆ ನಮ್ಮಲ್ಲಿ ಓಡುವ ಎಂಜಿ ಕಾರೇನಾ?

ಅದೇ ಹೆಸರು. ಮೋರಿಸ್ ಗ್ಯಾರೇಜಸ್ ಅನ್ನೋದು ಅದರ ಪೂರ್ತಿ ಹೆಸರು, ಹುಟ್ಟಿದ್ದು ಆಕ್ಸ್‌ಫರ್ಡಿನಲ್ಲಿ. 1929ರಿಂದ 1980ರವರೆಗೆ ಕಾರು ತಯಾರಾಗುತ್ತಿದ್ದದ್ದು ಅಬಿಂಗ್ಡನ್ ಊರಿನಲ್ಲಿ. ಈಗ ಕಂಪನಿ ಚೀನಾದವರ ಕೈಯಲ್ಲಿದೆ. ಬೆಂಗಳೂರಿನ ರಸ್ತೆಯಲ್ಲಿ ಕಾಣುವ ಹೆಕ್ಟರ್ ತಯಾರಾಗೋದು ಗುಜರಾತಿನ ಹಾಲೋಲ್‌ನಲ್ಲಿ. ಅಬಿಂಗ್ಡನ್ ಕಾರ್ಖಾನೆಯ ಕೊನೆಯ ದಿನಗಳ ಒಂದು ಎಂಜಿಬಿ ಕಾರು ಕೌಂಟಿ ಹಾಲ್ ಮ್ಯೂಸಿಯಂನಲ್ಲೇ ಇದೆ. ಒಂದೇ ಸೂರಿನ ಕೆಳಗೆ ಕಾರೂ ಬನ್ನೂ ನೋಡಬಹುದು.

ಬನ್ನು ಅಂದರೆ ಎಂಥದ್ದು?

ದುಂಡಗೆ, ಅಂಗೈ ಅಗಲ ಇರುವ ಸಿಹಿ ಬನ್ನು. ಒಳಗೆ ಕರಂಟ್ ಅನ್ನುವ ತೀರಾ ಸಣ್ಣ ಕಪ್ಪು ಒಣದ್ರಾಕ್ಷಿ. ಮೇಲೆ ಕಂದು ಬಣ್ಣ. ಕೆನೆ, ಜಾಮ್ ಏನೂ ಇರಲ್ಲ. ಇದ್ದಿದ್ದರೆ ಚೌಕದಲ್ಲಿ ನಿಂತವರ ಬಟ್ಟೆಯ ಗತಿ ಏನಾಗುತ್ತಿತ್ತು! ಬಾಳೆಹಣ್ಣು ಹಾಕಿ ಎಣ್ಣೆಯಲ್ಲಿ ಕರಿಯುವ ಮಂಗಳೂರು ಬನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ.

ಎಷ್ಟು ಬನ್ನು ಎಸೆಯುತ್ತಾರೆ?

ಈಚಿನ ಎಸೆತಗಳಲ್ಲಿ ನಾಲ್ಕು ಸಾವಿರದ ಆಸುಪಾಸು. ಹಿಂದಿನ ಕಾಲದಲ್ಲಿ ಊರೂ ಸಣ್ಣದು, ಬನ್ನೂ ಕಡಿಮೆ.

ಆ ದಿನ ಅಲ್ಲಿ ಏನೇನಾಗುತ್ತದೆ?

ಚೌಕ ಹೊತ್ತಿಗೆ ಮುಂಚೆಯೇ ತುಂಬುತ್ತದೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಕಿರೀಟದ ಕಾಗದದ ಟೋಪಿ, ಕೈಯಲ್ಲಿ ಬಾವುಟ. ಅನುಭವ ಇದ್ದವರನ್ನು ಗುರುತು ಹಿಡಿಯೋದು ಸುಲಭ. ಮಳೆ ಇಲ್ಲದಿದ್ದರೂ ಛತ್ರಿ ತಂದಿರುತ್ತಾರೆ. ಕೆಲವರ ಕೈಯಲ್ಲಿ ಮೀನು ಹಿಡಿಯುವ ಉದ್ದ ಕೋಲಿನ ಬಲೆ.

ನಿಲುವಂಗಿ ತೊಟ್ಟವರು ಚಾವಣಿಯ ಅಂಚಿಗೆ ಬಂದ ಕೂಡಲೇ ಕೆಳಗಿನಿಂದ ‘ನಮಗೆ ಬನ್ನು ಬೇಕು’ ಅಂತ ಕೂಗು ಶುರು. ಇಷ್ಟು ಹೊತ್ತು ಗಂಭೀರವಾಗಿ ನಿಂತಿದ್ದ ಮಧ್ಯವಯಸ್ಸಿನ ಕೌನ್ಸಿಲರು ತೋಳು ಮಡಿಚಿ ಬೌಲಿಂಗ್ ಮಾಡೋಕೆ ನಿಲ್ಲುತ್ತಾರೆ. ಕೈ ಕೆಳಗಿನಿಂದ ಮೆಲ್ಲಗೆ ತೂರಿದ ಬನ್ನು ಗೋಡೆ ಬುಡದಲ್ಲೇ ಬೀಳುತ್ತದೆ. ಕೈ ಎತ್ತಿ ಬೀಸಿದ ಬನ್ನು ಚೌಕದ ನಡುವಿನವರೆಗೂ ಹೋಗುತ್ತದೆ. ಆಕಾಶದ ಎದುರಿಗೆ ಬನ್ನು ಕಪ್ಪು ಚುಕ್ಕೆಯ ಥರ ಕಾಣುತ್ತದೆ. ದೊಡ್ಡದಾಗುತ್ತಾ ಬರುತ್ತದೆ. ಇದು ನನಗೇ ಅಂತ ಏಳೆಂಟು ಜನ ಒಟ್ಟಿಗೆ ಕೈ ಎತ್ತುತ್ತಾರೆ. ಯಾರದೋ ಬೆರಳಿಗೆ ತಾಗಿ ಚಿಮ್ಮಿ, ಇತ್ತ ನೋಡದೆ ಮಾತಾಡುತ್ತಾ ನಿಂತ ಹೆಂಗಸಿನ ಕೋಟಿನ ತಲೆಮುಸುಕಿನೊಳಗೆ ಬೀಳುತ್ತದೆ. ಕೆಳಗೆ ಬಿದ್ದದ್ದನ್ನು ಮಕ್ಕಳು ಕಾಲುಗಳ ಸಂದಿಯಲ್ಲಿ ನುಸುಳಿ ಹೆಕ್ಕುತ್ತಾರೆ.

ಇದೆಲ್ಲ ಜಾಸ್ತಿ ಹೊತ್ತು ನಡೆಯಲ್ಲ. ಟ್ರೇಗಳು ಖಾಲಿ ಆದವು ಅಂದರೆ ಮುಗಿಯಿತು. ತಡವಾಗಿ ಬಂದವರಿಗೆ ನೆಲದ ಮೇಲಿನ ಪುಡಿ ಮತ್ತು ಪಾರಿವಾಳಗಳು ಮಾತ್ರ.

ಪೆಟ್ಟಾಗಲ್ವಾ?

ಹೊಸ ಬನ್ನು ಮೆತ್ತಗಿರುತ್ತದೆ, ತೂಕವೂ ಕಡಿಮೆ. ಮೂಗಿನ ಮೇಲೆ ಬಿದ್ದರೆ ಗೊತ್ತಾಗುತ್ತದೆ, ಕನ್ನಡಕ ಜಾರಬಹುದು. ಬನ್ನಿಗಿಂತ ಪಕ್ಕದವರ ಮೊಣಕೈ ಅಪಾಯ.

ಬನ್ನು ಹಿಡಿಯೋಕೆ ಏನಾದರೂ ಉಪಾಯ ಇದೆಯಾ?

ಛತ್ರಿ ಬಿಚ್ಚಿ ತಲೆಕೆಳಗು ಮಾಡಿ ಹಿಡಿಯಿರಿ, ಬುಟ್ಟಿ ಆಗುತ್ತದೆ. ಆದರೆ ಹಿಂದೆ ನಿಂತವರು ಬೈಯುತ್ತಾರೆ, ಅದಕ್ಕೆ ಸಿದ್ಧ ಇರಿ. ಗೋಡೆಗೆ ಅಂಟಿ ನಿಂತರೆ ಎಸೆಯುವವರು ಕಾಣಲ್ಲ, ಬನ್ನೂ ತಲೆ ಮೇಲಿಂದ ದಾಟಿ ಹೋಗುತ್ತದೆ. ಸ್ವಲ್ಪ ಹಿಂದೆ ನಿಲ್ಲೋದು ವಾಸಿ. ಒಬ್ಬರು ಎಸೆಯುವವರನ್ನು ನೋಡಿಕೊಂಡು ಅವರ ಕಣ್ಣಿಗೆ ಬೀಳುವ ಹಾಗೆ ಕೈ ಬೀಸಿ. ಸಣ್ಣ ಮಗು ಹೆಗಲ ಮೇಲಿದ್ದರೆ ಅವರ ಕೈ ತಾನಾಗೇ ನಿಮ್ಮ ಕಡೆ ತಿರುಗುತ್ತದೆ.

ತಿನ್ನೋ ಪದಾರ್ಥವನ್ನು ಹೀಗೆ ಎಸೆಯೋದು ತಪ್ಪಲ್ವಾ?

ನಮ್ಮವರು ತಪ್ಪದೆ ಕೇಳುವ ಪ್ರಶ್ನೆ ಇದು. ಊಟದ ತಟ್ಟೆಗೆ ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುವವರು ನಾವು, ಕೇಳದೆ ಇರೋಕಾಗಲ್ಲ.

ಸ್ಪೇನಿನ ಬುನ್ಯೋಲ್ ಊರಿನ ಟೊಮೆಟೊ ಹಬ್ಬವನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಆಗಸ್ಟಿನ ಕೊನೆಯ ಬುಧವಾರ ಲಾರಿಗಟ್ಟಲೆ ಟೊಮೆಟೊ ತಂದು ಒಬ್ಬರ ಮೇಲೊಬ್ಬರು ಹೊಡೆದುಕೊಂಡು ಬೀದಿಯನ್ನೇ ರಸ ಮಾಡುತ್ತಾರೆ. ಅಲ್ಲಿ ಟೊಮೆಟೊ ಹಾಳಾಗಲಿ ಅಂತಲೇ ಎಸೆಯೋದು. ಅಬಿಂಗ್ಡನ್ ಊರಿನಲ್ಲಿ ಒಂದೊಂದು ಬನ್ನನ್ನೂ ಯಾರಾದರೂ ಹಿಡಿಯಲಿ ಅಂತ ಎಸೆಯುತ್ತಾರೆ. ಹಿಡಿದವರು ತಿನ್ನುತ್ತಾರೆ ಇಲ್ಲವೇ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಒಂದಷ್ಟು ಕಾಲಡಿ ಸಿಕ್ಕಿ ಹಾಳಾಗುತ್ತವೆ, ಅದು ನಿಜ. ಒಂದು ಮದುವೆ ಛತ್ರದ ಎಲೆಗಳಲ್ಲಿ ಮಿಕ್ಕುವ ಊಟದ ಮುಂದೆ ಅದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಮ್ಮಲ್ಲಿ ತೇರಿಗೆ ಬಾಳೆಹಣ್ಣು ಎಸೆಯುವ ಥರಾನಾ?

ನೋಟಕ್ಕೆ ಹೌದು. ತೇರು ಹೊರಟಾಗ ಬಾಳೆಹಣ್ಣು, ದವನ, ಉತ್ತತ್ತಿ ಹಾರುವ ಹಾಗೆ ಇಲ್ಲಿ ಬನ್ನು ಹಾರುತ್ತದೆ. ಆದರೆ ದಿಕ್ಕು ಉಲ್ಟಾ. ನಾವು ಕೆಳಗಿನಿಂದ ಮೇಲಕ್ಕೆ, ದೇವರಿಗೆ ಅಂತ ಎಸೆಯುತ್ತೇವೆ. ಅವರು ಮೇಲಿನಿಂದ ಕೆಳಕ್ಕೆ, ಜನರಿಗೆ ಅಂತ ಎಸೆಯುತ್ತಾರೆ. ಹರಕೆ, ಪ್ರಸಾದ ಅನ್ನುವ ಭಾವನೆ ಅಲ್ಲಿಲ್ಲ. ಪಾದ್ರಿಗೂ ಇದರಲ್ಲಿ ಕೆಲಸ ಇಲ್ಲ.

ಮ್ಯೂಸಿಯಂನಲ್ಲಿ ನೂರು ವರ್ಷದ ಬನ್ನು ಇದೆಯಂತೆ, ನಿಜಾನಾ?

ನಿಜ. ಎಸೆತದಲ್ಲಿ ಉಳಿದ ಬನ್ನುಗಳನ್ನು ಒಣಗಿಸಿ ವಾರ್ನಿಷ್ ಬಳಿದು ಇಡುವ ಪದ್ಧತಿ ಇದೆ. ಕೌಂಟಿ ಹಾಲ್ ಮ್ಯೂಸಿಯಂನ ಸಂಗ್ರಹದಲ್ಲಿ 19ನೇ ಶತಮಾನದ, ಅಂದರೆ ವಿಕ್ಟೋರಿಯಾ ರಾಣಿ ಕಾಲದ, ಬನ್ನುಗಳೂ ಇವೆ.

ನನಗೆ ಕೇಳಿದರೆ ಇಡೀ ಮ್ಯೂಸಿಯಂನಲ್ಲಿ ಮೊದಲು ನೋಡಬೇಕಾದದ್ದು ಇವೇ. ಕಿರೀಟ, ಕತ್ತಿ, ನಾಣ್ಯ ಎಲ್ಲ ಮ್ಯೂಸಿಯಂನಲ್ಲೂ ಸಿಗುತ್ತವೆ. ತಿಂದು ಮುಗಿಸಬೇಕಾಗಿದ್ದ ಒಂದು ತಿಂಡಿ ಗಾಜಿನ ಹಿಂದೆ ಕುಳಿತು ಮೂರು ನಾಲ್ಕು ರಾಜರನ್ನು ದಾಟಿ ಬರೋದು ಬೇರೆ ಎಲ್ಲಿದೆ ಹೇಳಿ?

ಬನ್ನು ಕೆಡದೆ ಉಳಿಯೋದು ಹೇಗೆ ಅಂದರೆ, ಬ್ರೆಡ್ಡಿಗೆ ಬೂಷ್ಟು ಹಿಡಿಯೋಕೆ ತೇವ ಬೇಕು. ಪೂರ್ತಿ ಒಣಗಿದ ಮೇಲೆ ಅದಕ್ಕೆ ಬದುಕೋಕೆ ಆಗಲ್ಲ. ವಾರ್ನಿಷ್ ಹೊರಗಿನ ಹಸಿ ಗಾಳಿಯನ್ನು ತಡೆಯುತ್ತದೆ. ಆಮೇಲೆ ಉಳಿಯುವ ಶತ್ರು ಹುಳ. ಒಣ ಹಿಟ್ಟಿನ ಪದಾರ್ಥ ಕೊರೆಯುವ ಸಣ್ಣ ಕಂದು ಹುಳಗಳಿಗೆ ಒಂದು ತೂತು ಸಿಕ್ಕಿದರೆ ಸಾಕು, ಇತಿಹಾಸವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ.

ನನಗೆ ಸಿಕ್ಕ ಬನ್ನನ್ನು ನಾನೂ ಹಾಗೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು. ಓವನ್ ಇದ್ದರೆ 90–100 ಡಿಗ್ರಿ ಸೆಲ್ಸಿಯಸ್‌ನಷ್ಟು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ. ಆತುರ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ತಟ್ಟಿದರೆ ಟಕ್ ಟಕ್ ಅನ್ನಬೇಕು. ಪೂರ್ತಿ ಆರಿದ ಮೇಲೆ ಮರಕ್ಕೆ ಬಳಿಯುವ ಬಣ್ಣವಿಲ್ಲದ ವಾರ್ನಿಷ್ ಬಳಿದು, ಒಣಗಿಸಿ, ಮತ್ತೆ ಬಳಿಯಿರಿ. ತಳ ಬಿಡಬೇಡಿ. ದ್ರಾಕ್ಷಿ ಹೊರಗೆ ಕಾಣುವ ಜಾಗದಲ್ಲಿ ತೇವ ಉಳಿಯುತ್ತದೆ, ಅಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಿ. ಯಾವ ವರ್ಷದ್ದು, ಯಾವ ಸಂದರ್ಭ ಅಂತ ಒಂದು ಚೀಟಿ ಜತೆಗಿಡಿ. ಚೀಟಿ ಇಲ್ಲದ ಬನ್ನು ಹತ್ತು ವರ್ಷ ಕಳೆದರೆ ಬರೀ ಹಳೇ ಬನ್ನು. ಮನೆಯಲ್ಲಿ ಮಕ್ಕಳಿದ್ದರೆ ಕೈಗೆ ಸಿಗದ ಹಾಗೆ ಇಡಿ. ವಾರ್ನಿಷ್ ಬಳಿದದ್ದು ತಿನ್ನೋದಕ್ಕಲ್ಲ.

ರೇಷನ್ ಕಾಲದಲ್ಲಿ ಏನು ಮಾಡಿದರು?

1953ರ ಜೂನ್ 2ಕ್ಕೆ ಎರಡನೇ ಎಲಿಜಬೆತ್ ಪಟ್ಟಾಭಿಷೇಕ ಆದಾಗ ಬ್ರಿಟನ್‌ನಲ್ಲಿ ಸಕ್ಕರೆಗೂ ಬೆಣ್ಣೆಗೂ ಇನ್ನೂ ರೇಷನ್ ಇತ್ತು. ಯುದ್ಧ ಮುಗಿದು ಎಂಟು ವರ್ಷ ಆಗಿತ್ತು, ಆದರೂ ಇತ್ತು. ಸಕ್ಕರೆಯ ಮೇಲಿನ ಕಟ್ಟು ಆ ವರ್ಷದ ಸೆಪ್ಟೆಂಬರಿನಲ್ಲಿ, ಬೆಣ್ಣೆಯದು ಮುಂದಿನ ವರ್ಷ ಹೋಯಿತು. ಪಟ್ಟಾಭಿಷೇಕದ ಸಂತೋಷಕ್ಕೆ ಅಂತ ಸರ್ಕಾರ ಒಬ್ಬೊಬ್ಬರಿಗೆ ಒಂದು ಪೌಂಡು ಸಕ್ಕರೆ ಜಾಸ್ತಿ ಕೊಟ್ಟಿತ್ತು. ಅಂಥ ಹೊತ್ತಲ್ಲಿ ಚಾವಣಿಯಿಂದ ಸಿಹಿ ಬನ್ನು ಬೀಳೋದು ಅಂದರೆ ಸುಮ್ನೆ ಅಲ್ಲ.

ಬೇರೆ ಊರುಗಳಲ್ಲೂ ಹೀಗೆ ಎಸೆಯುತ್ತಾರಾ?

ರಾಜಮನೆತನದ ಸಂಭ್ರಮಕ್ಕೆ ಅಂತ ಇಷ್ಟು ಕಾಲದಿಂದ ಎಸೆಯೋದಕ್ಕೆ ಹೆಸರಾಗಿರೋದು ಅಬಿಂಗ್ಡನ್. ಬೇರೆ ಕಾರಣಕ್ಕೆ ಎಸೆಯುವ ಊರು ಇಂಗ್ಲೆಂಡಿನಲ್ಲಿ ಇನ್ನೂ ಇವೆ.

ಗ್ಲಾಸ್ಟರ್‌ಶೈರಿನ ಸೇಂಟ್ ಬ್ರಿಯವೆಲ್ಸ್ ಹಳ್ಳಿಯಲ್ಲಿ ಈಸ್ಟರ್ ಆಗಿ ಏಳನೇ ಭಾನುವಾರ ಸಂಜೆ ಚರ್ಚಿನ ಹತ್ತಿರದ ಗೋಡೆ ಮೇಲಿಂದ ಬ್ರೆಡ್ಡು, ಚೀಸು ಚೂರು ಎಸೆಯುತ್ತಾರೆ. ಹತ್ತಿರದ ಕಾಡಿನಲ್ಲಿ ಸೌದೆ ತರುವ ಊರಿನವರ ಹಕ್ಕಿಗೂ ಇದಕ್ಕೂ ನಂಟು ಅಂತ ಹೇಳುತ್ತಾರೆ. ಸೌತ್ ಯಾರ್ಕ್‌ಶೈರಿನ ವಾತ್-ಅಪಾನ್-ಡರ್ನ್ ಊರಿನಲ್ಲಿ ಚರ್ಚಿನ ಗೋಪುರದಿಂದ ಸಣ್ಣ ಬನ್ನುಗಳನ್ನು ಎಸೆಯುತ್ತಾರೆ. ಅದು 1810ರಲ್ಲಿ ತೀರಿಕೊಂಡ ಥಾಮಸ್ ಟ್ಯೂಕ್ ಅನ್ನುವವನ ಉಯಿಲಿನಿಂದ ಬಂದದ್ದು. ಸಸೆಕ್ಸಿನ ರೈ ಊರಿನಲ್ಲಿ ಹೊಸ ಮೇಯರ್ ಬಂದ ದಿನ ಬಿಸಿ ಮಾಡಿದ ಪೆನ್ನಿ ಕಾಸುಗಳನ್ನು ಟೌನ್ ಹಾಲಿನಿಂದ ಮಕ್ಕಳಿಗೆ ಎಸೆಯುತ್ತಾರೆ. ಬಿಸಿ ಕಾಸಿನ ಪಕ್ಕ ಇಟ್ಟರೆ ಬನ್ನು ಎಷ್ಟೋ ಮೇಲು.

‘ಆಕ್ ಸ್ಟ್ರೀಟ್ ಮೇಯರ್’ ಅಂತ ಓದಿದೆ. ಬನ್ನು ಎಸೆಯೋದು ಅವರೇನಾ?

ಅಲ್ಲ, ಅದು ಬೇರೆ ಹುಚ್ಚು. ಅಬಿಂಗ್ಡನ್ ಊರಿನಲ್ಲಿ ಆಕ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಪ್ರತಿ ಜೂನ್‌ನಲ್ಲಿ ಆ ಬೀದಿಯವರು ಓಟು ಹಾಕಿ ತಮಗೊಬ್ಬ ಹುಸಿ ಮೇಯರ್‌ನನ್ನು ಆರಿಸಿಕೊಳ್ಳುತ್ತಾರೆ. ಮೋರಿಸ್ ಅನ್ನುವ ಇಂಗ್ಲಿಷ್ ಜಾನಪದ ಕುಣಿತದವರು ಅವನನ್ನು ಕುರ್ಚಿಯಲ್ಲಿ ಹೊತ್ತು ಮೆರವಣಿಗೆ ಮಾಡುತ್ತಾರೆ. ಕೋಲಿಗೆ ಕಟ್ಟಿದ ಎತ್ತಿನ ಕೊಂಬು ಅವರ ಗುರುತು. 1700ರಲ್ಲಿ ಊರಿನಲ್ಲಿ ಸುಟ್ಟು ಹಂಚಿದ ಎತ್ತಿನ ಕೊಂಬಿಗಾಗಿ ನಡೆದ ಜಗಳದಲ್ಲಿ ಗೆದ್ದದ್ದು ಅಂತ ಪ್ರತೀತಿ. ಬನ್ನು ಎಸೆಯೋದು ಕೌನ್ಸಿಲಿನ ನಿಜವಾದ ಮೇಯರ್.

ಇಂಥ ಬನ್ನು ಮನೆಯಲ್ಲಿ ಮಾಡೋದು ಹೇಗೆ?

ಕೌನ್ಸಿಲಿಗೆ ಬನ್ನು ಬೇಯಿಸಿ ಕೊಡುವ ಬೇಕರಿಯ ಅಳತೆ ಅವರಿಗೇ ಇರಲಿ. ಇಂಗ್ಲೆಂಡಿನ ಮನೆಗಳಲ್ಲಿ ಮಾಡುವ ಸಾಮಾನ್ಯ ಕರಂಟ್ ಬನ್ನು ಹೀಗೆ. ಅರ್ಧ ಕಿಲೋ ಮೈದಾಗೆ 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 75 ಗ್ರಾಂ ಸಕ್ಕರೆ, ಒಂದು ಚಮಚ ಉಪ್ಪು, ಚಿಟಿಕೆ ಚಕ್ಕೆ ಪುಡಿ, ಜಾಯಿಕಾಯಿ. ಉಗುರು ಬೆಚ್ಚಗಿನ ಹಾಲು ಸುಮಾರು 300 ಮಿಲಿ, ಒಂದೇ ಸಲ ಸುರಿಯಬೇಡಿ. 50 ಗ್ರಾಂ ಬೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಹಿಟ್ಟು ಎರಡರಷ್ಟು ಉಬ್ಬೋವರೆಗೆ ಮುಚ್ಚಿಡಿ. ನಮ್ಮ ಸೆಕೆಗೆ ಒಂದು ಗಂಟೆಯೂ ಬೇಕಾಗಲ್ಲ. ಆಮೇಲೆ 150 ಗ್ರಾಂ ಸಣ್ಣ ಒಣದ್ರಾಕ್ಷಿ ಬೆರೆಸಿ 12 ಉಂಡೆ ಮಾಡಿ, ಇನ್ನೊಂದು ಅರ್ಧ ಗಂಟೆ ಉಬ್ಬಲು ಬಿಡಿ. 200 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ. ತಿನ್ನೋದಕ್ಕಾದರೆ ಬಿಸಿ ಇರುವಾಗಲೇ ಮೇಲೆ ಸಕ್ಕರೆ ಪಾಕ ಸವರಿ. ಎಸೆಯೋದಕ್ಕಾದರೆ ಪಾಕ ಬೇಡ.

ಅಬಿಂಗ್ಡನ್ ಊರಿಗೆ ಹೋಗೋದು ಹೇಗೆ? ಎಸೆತ ಇಲ್ಲದ ದಿನ ಹೋದರೆ ಪ್ರಯೋಜನ ಇದೆಯಾ?

ಊರಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಆಕ್ಸ್‌ಫರ್ಡಿನಿಂದ ಬಸ್ಸು ಸಿಗುತ್ತದೆ, ಸುಮಾರು ಅರ್ಧ ಗಂಟೆ. ರೈಲಿಗೆ ಹತ್ತಿರದ ಸ್ಟೇಷನ್ ರ‍್ಯಾಡ್ಲಿ. ಆಕ್ಸ್‌ಫರ್ಡ್ ನೋಡೋಕೆ ಹೋದ ಕನ್ನಡಿಗರು ಅರ್ಧ ದಿನ ಉಳಿಸಿಕೊಂಡು ಇಲ್ಲಿಗೆ ಬಂದು ಹೋಗಬಹುದು.

ಮ್ಯೂಸಿಯಂಗೆ ಟಿಕೆಟ್ ಇಲ್ಲ. ಕೆಲವು ದಿನ ಸಣ್ಣ ಶುಲ್ಕ ಕೊಟ್ಟು ಚಾವಣಿಗೂ ಹತ್ತಬಹುದು, ಮೊದಲೇ ವಿಚಾರಿಸಿ. ಮಂಡಿನೋವು ಇದ್ದವರು ಯೋಚಿಸಿ, ಮೆಟ್ಟಿಲು ಜಾಸ್ತಿ. ನದಿ ಕಡೆಗೆ ನಡೆದರೆ ಸೇಂಟ್ ಹೆಲೆನ್ಸ್ ಚರ್ಚ್ ಸಿಗುತ್ತದೆ. ಅದರ ಅಗಲ ಉದ್ದಕ್ಕಿಂತ ಜಾಸ್ತಿ. ಹಳೇ ಮಠ ಇದ್ದ ಜಾಗದಲ್ಲಿ ಈಗ ಅಬ್ಬೆ ಗಾರ್ಡನ್ಸ್ ಪಾರ್ಕು ಇದೆ. ಅಲ್ಲಿ ಕಾಣುವ ಹಾಳು ಕಮಾನುಗಳನ್ನು ಮಠದ್ದೇ ಅಂದುಕೊಂಡು ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ. ಅವು ಚಂದಕ್ಕೆ ಅಂತ ಆಮೇಲೆ ನಿಲ್ಲಿಸಿದ ಹುಸಿ ಪಾಳು. ಅಕ್ಟೋಬರಿನಲ್ಲಿ ಹೋದರೆ ಮೈಕಲ್ಮಸ್ ಜಾತ್ರೆ ಸಿಗಬಹುದು, ಊರಿನ ಮುಖ್ಯ ಬೀದಿ ಉದ್ದಕ್ಕೂ ನಡೆಯುತ್ತದೆ.

ಮುಂದಿನ ಎಸೆತ ಯಾವಾಗ?

ಅಬಿಂಗ್ಡನ್ ಟೌನ್ ಕೌನ್ಸಿಲ್ ತೀರ್ಮಾನಿಸಿ ಪ್ರಕಟಿಸಿದಾಗ. ರಾಜಮನೆತನದಲ್ಲಿ ದೊಡ್ಡ ಸುದ್ದಿ ಬಂತೆಂದರೆ ಅವರ ವೆಬ್‌ಸೈಟ್ ನೋಡಿ. ಜಾಗಕ್ಕೆ ಟಿಕೆಟ್ ಗಿಕೆಟ್ ಇಲ್ಲ, ಮೊದಲು ಬಂದವರಿಗೆ ಒಳ್ಳೇ ಜಾಗ.